ಹುಳುಮನೆಗೆ ನಾಲ್ಕು ಕಿಟಕಿ, ಅಡುಗೆಮನೆಗೆ ಒಂದು ಮಡಕೆ

ನಮ್ಮ ಹೋಬಳಿಯ ರೇಷ್ಮೆ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಅಡುಗೆಮನೆಯ ಹೊಗೆಕೊಳವೆಯ ಬಾಯಿಗೆ ಒಂದು ಮಡಕೆ ಕವುಚಿ ಇಂದಿಗೆ ಹದಿನಾಲ್ಕು ತಿಂಗಳಾಯಿತು. ಕವುಚಲು ಹೇಳಿದವರು ತಾವು. ಏಣಿ ಹತ್ತಿ ಕವುಚಿದವನು ನಾನು. ಅದರ ಕೆಳಗೆ ಕುಳಿತು ಹದಿನಾಲ್ಕು ತಿಂಗಳಿಂದ ಕೆಮ್ಮುತ್ತಿರುವವಳು ನನ್ನ ಹೆಂಡತಿ ಗಂಗುಲಮ್ಮ. ನನ್ನ ದೂರು ಇಷ್ಟೇ. ಒಂದು ಕಾರ್ಡಿನಲ್ಲಿ ಬರೆದು ಮುಗಿಸಬಹುದಾದ ವಿಷಯವನ್ನು ಪತ್ರಿಕೆಗೆ ತಂದು ಊರಿಗೆಲ್ಲ ಯಾಕೆ ಸಾರುತ್ತಿದ್ದೀಯೆ ಎಂದು ತಾವು ಕೇಳಬಹುದು. ಎರಡು ಸಲ ಅರ್ಜಿ ಬರೆದುಕೊಂಡೆ, ಸ್ವಾಮಿ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಬಂತು: "ಸದರಿ ವಿಷಯವು ಮನುಷ್ಯರಿಗೆ ಸಂಬಂಧಿಸಿದ್ದಾಗಿ, ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ." ಕೆಳಗೆ ರುಜು, ಪಕ್ಕದಲ್ಲಿ ಮೊಹರು. ಆ ಕಾಗದವನ್ನು ಪಹಣಿಯ ಜೊತೆ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಸರ್ಕಾರದ ಕಡೆಯಿಂದ ಇಷ್ಟು ನೇರವಾದ ಮಾತು ನನ್ನ ಆಯುಷ್ಯದಲ್ಲಿ ಬಂದದ್ದು ಅದೊಂದೇ.

ನಾನು ಯಾರೆಂದು ತಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ಅಂಬಾಜಿದುರ್ಗದ ಬುಡದಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟ ಇಟ್ಟುಕೊಂಡಿರುವ ರೈತ. ಚಿಂತಾಮಣಿಯಲ್ಲಿ ಪಿಯುಸಿ ಓದಿ, ಇಂಗ್ಲಿಷಿನಲ್ಲಿ ಫೇಲಾಗಿ, ಅಪ್ಪನ ಹಿಂದೆ ಸೊಪ್ಪು ಕೊಯ್ಯಲು ಬಂದವನು. ವರ್ಷಕ್ಕೆ ಐದು ಬೆಳೆ ಹುಳು ಮೇಯಿಸಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊತ್ತು ಬದುಕು ನಡೆಸುತ್ತಿದ್ದೇನೆ. ಈ ಕಸುಬಿನಲ್ಲಿ ನಾನು ಕಲಿತ ಒಳ್ಳೆಯದರಲ್ಲಿ ಮುಕ್ಕಾಲು ಪಾಲು ತಮ್ಮಿಂದಲೇ ಕಲಿತದ್ದು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ವ್ಯಂಗ್ಯ ಮುಂದೆ ಬರುತ್ತದೆ, ಬಂದಾಗ ತಮಗೇ ತಿಳಿಯುತ್ತದೆ.

ತಾವು ನಮ್ಮ ಮನೆಗೆ ಬರುವ ಚೆಂದವನ್ನೇ ನೋಡಿ. ಮೋಟಾರು ಸೈಕಲ್ ಬೀದಿಯ ಕೊನೆಯಲ್ಲೇ ನಿಲ್ಲಿಸುತ್ತೀರಿ, ಅದರ ಹೊಗೆ ಹುಳುವಿಗೆ ತಾಗಬಾರದೆಂದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಹಾಸಿದ ಗೋಣಿಯ ಮೇಲೆ ಕಾಲು ಒರೆಸಿ, ಸೋಪು ಹಾಕಿ ಕೈ ತೊಳೆದು, ನಮ್ಮ ದೇವರ ಗೂಡಿನ ಮುಂದೆ ಪೂಜಾರಿ ಕೂಡ ನಡೆಯದಷ್ಟು ಮೆಲ್ಲಗೆ ನಡೆದು ಹುಳುಮನೆಯೊಳಗೆ ಬರುತ್ತೀರಿ. ಒಳಗೆ ನಿಂತು ಒಮ್ಮೆ ಮೂಗರಳಿಸಿ ಗಾಳಿ ಎಳೆದುಕೊಳ್ಳುತ್ತೀರಿ. ಆಮೇಲೆ ಒಂದೊಂದಾಗಿ ಅಪ್ಪಣೆ. ಉಸಿರು ಕಟ್ಟಿದ ಹಾಗಿದೆಯಲ್ಲ, ಮೇಲಿನ ಜಾಲಂಧ್ರ ತೆಗೆಯಿರಿ. ಹಳೆಯ ಸೊಪ್ಪು ರಾಶಿ ಬಿದ್ದಿದೆ, ಅದರ ಆವಿ ಹುಳುವಿಗೆ ವಿಷ. ಊದುಬತ್ತಿ ಹಚ್ಚಬೇಡಿ. ಒಗ್ಗರಣೆ ವಾಸನೆ ಈ ಕಡೆ ಬರಬಾರದು. ಬೀಡಿ ಸೇದಿದವರು ಹೊಸ್ತಿಲು ದಾಟಬಾರದು. ನಮ್ಮ ಕೋನಪ್ಪ, ಊರಿನ ಗಾರೆ ಕೆಲಸದವನು, ಹುಳುಮನೆಯ ಗೋಡೆ ತೇಪೆ ಹಾಕಲು ಬಂದಾಗ ತಮಗೆ ಹೆದರಿ ಇಡೀ ದಿನ ಬೀಡಿ ಮುಟ್ಟಲಿಲ್ಲ. ಅವನ ಹೆಂಡತಿ ಇವತ್ತಿಗೂ ತಮ್ಮ ಹೆಸರು ಹೇಳಿ ಕೈ ಮುಗಿಯುತ್ತಾಳೆ.

ತಮ್ಮ ಮಾತು ಕೇಳಿಯೇ ಎಂಬತ್ತಾರರಲ್ಲಿ ನಮ್ಮ ಮನೆಯ ನಡುಮನೆಯನ್ನು ಹುಳುಮನೆ ಮಾಡಿದೆ. ಮನೆಯಲ್ಲಿ ಎತ್ತರವಾದ, ತಂಪಾದ, ಬೆಳಕಿನ ಕೋಣೆ ಅದು. ನಾಲ್ಕು ಕಿಟಕಿ ಇಡಿಸಿದೆ, ಹುಳುವನ್ನು ಕೊಲ್ಲುವ ಊಜಿ ನೊಣ ಬಾರದಂತೆ ನಾಲ್ಕಕ್ಕೂ ಬಲೆ ಹೊಡೆಸಿದೆ. ಹುಳುಗಳು ಅಲ್ಲಿಗೆ ಹೋದವು, ನಾವು ಪಡಸಾಲೆಗೆ ಬಂದೆವು. ಅಡುಗೆಮನೆ ಮಾತ್ರ ನನ್ನ ಅಜ್ಜನ ಕಾಲದಲ್ಲಿ ಹೇಗಿತ್ತೋ ಹಾಗೇ ಉಳಿಯಿತು: ಹಿಂದುಗಡೆಯ ಒತ್ತು ಕೋಣೆ, ಬಗ್ಗಿ ಹೋಗುವ ಬಾಗಿಲು, ಗೋಡೆಯಲ್ಲಿ ಮುಷ್ಟಿ ಹಿಡಿಸುವಷ್ಟು ಒಂದು ಕಿಂಡಿ. ಆ ಕಿಂಡಿಯಿಂದ ಹೊಗೆ ಹೊರಗೆ ಹೋಗುವುದು ಹಾಗಿರಲಿ, ಬೆಕ್ಕು ಕೂಡ ಒಳಗೆ ಬರಲು ಹಿಂದೆ ಮುಂದೆ ನೋಡುತ್ತದೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆಯ ಕಡ್ಡಿಯೇ ನಮ್ಮ ಸೌದೆ. ಸೊಪ್ಪು ಅವುಗಳಿಗೆ, ಹೊಗೆ ನಮಗೆ. ಇದು ನಮ್ಮ ಕಡೆಯ ಹುಳು ಸಾಕುವ ಮನೆಗಳಲ್ಲೆಲ್ಲ ನಡೆದು ಬಂದ ಪಾಲು, ಇದರ ಮೇಲೆ ಯಾರೂ ತಕರಾರು ತೆಗೆದದ್ದಿಲ್ಲ.

ಎಂಬತ್ತೊಂಬತ್ತರ ಶ್ರಾವಣದಲ್ಲಿ ಬ್ಲಾಕ್ ಆಫೀಸಿನವರು ಬಂದು ನಮ್ಮೂರಿನ ಹತ್ತು ಮನೆಗಳಿಗೆ ಹೊಗೆಯಿಲ್ಲದ ಒಲೆ ಹಾಕಿಕೊಟ್ಟರು. ಹತ್ತರಲ್ಲಿ ನಮ್ಮದೊಂದು. ಮಣ್ಣಿನ ಒಲೆ, ಹಿಂದೆ ಒಂದು ಕೊಳವೆ, ಕೊಳವೆ ಹೆಂಚು ದಾಟಿ ಒಂದು ಮೊಳ ಮೇಲಕ್ಕೆ. ಮೊದಲ ದಿನ ಒಲೆ ಹಚ್ಚಿದಾಗ ಗಂಗುಲಮ್ಮ ಮುದ್ದೆಗೆ ಎಸರಿಟ್ಟು, ಸುತ್ತ ಮುತ್ತ ನೋಡಿ, ನನ್ನನ್ನು ಕರೆದಳು.

"ಬಾ ಇಲ್ಲಿ, ಒಲೆ ಉರೀತಾ ಐತಾ ನೋಡು. ಹೊಗೇನೇ ಇಲ್ಲ ಕಣಪ್ಪ, ನಂಗ್ಯಾಕೋ ಭಯ ಆಯ್ತದೆ" ಎಂದಳು.

ಆ ವಾರವೇ ಅಡುಗೆಮನೆಯ ಗೋಡೆ ಉಜ್ಜಿ ಸುಣ್ಣ ಬಳಿದಳು. ಒಳಗೆ ಬಿಳಿ ಗೋಡೆ ಇದೆ ಎನ್ನುವುದು ನನಗೆ ಗೊತ್ತಾದದ್ದು ಆಗಲೇ. ಒಂಬತ್ತು ತಿಂಗಳು ಅವಳು ಕೆಮ್ಮಿದ್ದು ನನಗೆ ನೆನಪಿಲ್ಲ. ಆಗ ನಾನು ಅದನ್ನು ಗಮನಿಸಲೂ ಇಲ್ಲ, ಈಗ ಲೆಕ್ಕ ಹಾಕಿ ಹೇಳುತ್ತಿದ್ದೇನೆ. ಅದಕ್ಕೆ ಮೊದಲು ಅವಳ ಕೆಮ್ಮು ನಮಗೆ ಕೋಳಿ ಕೂಗಿದ ಹಾಗೆ, ಬೆಳಗಾಯಿತು ಎನ್ನುವುದಕ್ಕೆ ಗುರುತಾಗಿತ್ತು.

ಮರು ವರ್ಷ ಮೇ ತಿಂಗಳಲ್ಲಿ ನಮ್ಮ ಬೆಳೆ ಹೋಯಿತು. ನಾಲ್ಕನೇ ಜ್ವರ ಎದ್ದ ಹುಳುಗಳು (ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ) ಎರಡು ದಿನ ಸೊಪ್ಪು ಮೂಸಿ ನೋಡಿ ಮುಖ ತಿರುಗಿಸಿ, ಮೂರನೇ ದಿನ ತಟ್ಟೆಯಲ್ಲೇ ಕರಗಿ ಮೆತ್ತಗಾದವು. ಸಪ್ಪೆ ರೋಗ. ಹೇಳಿ ಕಳಿಸಿದೆವು, ತಾವು ಬಂದಿರಿ. ತಟ್ಟೆ ನೋಡಿದಿರಿ, ಕಿಟಕಿ ನೋಡಿದಿರಿ, ಹೊರಗೆ ಬಂದು ಹೆಂಚಿನ ಕಡೆ ತಲೆ ಎತ್ತಿದಿರಿ. ಪಡುವಣ ಗಾಳಿ ಬೀಸುತ್ತಿತ್ತು. ಕೊಳವೆಯ ಹೊಗೆ ಒಂದಿಷ್ಟು ಬಾಗಿ ಹುಳುಮನೆಯ ಕಿಟಕಿಯ ಕಡೆಗೆ ಬರುತ್ತಿತ್ತು.

"ಇದೇ ನೋಡ್ರೀ ಕಾರಣ" ಎಂದಿರಿ ತಾವು. "ಇಷ್ಟು ಹೊಗೆ ಬಿಟ್ಕೊಂಡು ಹುಳ ಸಾಕ್ತೀನಿ ಅಂದ್ರೆ ಆಗುತ್ತೇನ್ರೀ? ಮೊದ್ಲು ಅದನ್ನ ಮುಚ್ಚಿ."

ತಾವು ಹೊರಟ ಕಾಲು ಗಂಟೆಗೆ ನಾನು ಏಣಿ ಇಟ್ಟೆ. ಅನ್ನ ಬಸಿಯುವ ಹಳೆಯ ಮಡಕೆಯೊಂದನ್ನು ಕೊಳವೆಯ ಮೇಲೆ ಕವುಚಿ, ಸುತ್ತ ಗೋಣಿ ಸುತ್ತಿ, ಮಣ್ಣು ಮೆತ್ತಿದೆ. ಬ್ಲಾಕ್ ಆಫೀಸು ಹೊಗೆಗೆ ದಾರಿ ಮಾಡಿಕೊಟ್ಟಿತ್ತು, ರೇಷ್ಮೆ ಆಫೀಸು ಆ ದಾರಿಗೆ ಬಾಗಿಲು ಹಾಕಿತು. ಎರಡೂ ಒಂದೇ ಸರ್ಕಾರ, ಎರಡಕ್ಕೂ ಒಂದೇ ಜೀಪು ಎಂದು ಕೇಳಿದ್ದೇನೆ. ಇಬ್ಬರೂ ಆ ಜೀಪಿನಲ್ಲಿ ಒಟ್ಟಿಗೆ ಕುಳಿತಾಗ ಏನು ಮಾತಾಡಿಕೊಳ್ಳುತ್ತೀರೋ ತಿಳಿಯುವ ಆಸೆ ನನಗಿದೆ.

ಹೊಗೆ ಮತ್ತೆ ಅಡುಗೆಮನೆಗೆ ಬಂತು. ಮುಂಚಿಗಿಂತ ಹೆಚ್ಚಾಗಿಯೇ ಬಂತು, ಏಕೆಂದರೆ ಈ ಒಲೆಯ ಹೊಟ್ಟೆಯನ್ನು ಕಟ್ಟಿದ್ದೇ ಹೊಗೆ ಹಿಂದಕ್ಕೆ ಹೋಗಲೆಂದು. ಹಿಂದೆ ದಾರಿ ಇಲ್ಲದಿದ್ದರೆ ಅದು ಊದುವವಳ ಮುಖಕ್ಕೇ ಬರಬೇಕು. ಹಳೆಯ ಒಲೆ ಹಾಕಿಕೊಡುತ್ತೇನೆ ಎಂದೆ. ಸರ್ಕಾರ ಕೊಟ್ಟದ್ದನ್ನು ಕಿತ್ತರೆ ಕೇಸಾಗುತ್ತದೆ ಎಂದು ಅವಳು ಬಿಡಲಿಲ್ಲ. ಆರು ತಿಂಗಳಲ್ಲಿ ಬಿಳಿ ಗೋಡೆ ಹೋಯಿತು. ಕಳೆದ ದೀಪಾವಳಿಯ ಹೊತ್ತಿಗೆ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬರುವಾಗ ಅವಳು ದಾರಿಯಲ್ಲಿ ಎರಡು ಕಡೆ ಕೂರತೊಡಗಿದಳು. ಚಿಂತಾಮಣಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಬೀಡಿ ಸೇದೋ ಅಭ್ಯಾಸ ಇದೆಯೇನಮ್ಮ?" ಎಂದರು.

ಗಂಗುಲಮ್ಮನಿಗೆ ಕೋಪ ಬಂತು. "ನಮ್ಮನೇಲಿ ಹುಳ ಅವೆ ಸ್ವಾಮಿ, ಯಾರೂ ಬೀಡಿ ಸೇದಲ್ಲ" ಎಂದಳು.

ಡಾಕ್ಟರರು ನನ್ನ ಮುಖ ನೋಡಿದರು. ಇಪ್ಪತ್ತು ವರ್ಷ ಬೀಡಿ ಸೇದಿದವನ ಎದೆಯ ಹಾಗಿದೆ ಈಕೆಯದು ಎಂದರು. ಮಾತ್ರೆ ಬರೆದುಕೊಟ್ಟು, ಮಾತ್ರೆಯಿಂದ ಅರ್ಧ ಮಾತ್ರ, ಮಿಕ್ಕ ಅರ್ಧ ಅಡುಗೆಮನೆಯಲ್ಲಿ ಸರಿಯಾಗಬೇಕು, ಇಲ್ಲದಿದ್ದರೆ ಇನ್ನು ನಾಲ್ಕೈದು ವರ್ಷಕ್ಕೆ ಕುಳಿತಲ್ಲೇ ಉಸಿರಿಗೆ ಒದ್ದಾಡುತ್ತಾಳೆ ಎಂದು ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಹೆದರಿಕೆಯಾಯಿತು. ಅವಳಿಗೆ ಇನ್ನೂ ನಲವತ್ತೆರಡು.

ಮಾರನೇ ದಿನವೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಗೆ ಹೋಗಿದ್ದಿರಿ, ಎರಡು ಗಂಟೆ ಕಾದೆ. ಕಚೇರಿಯ ಬಗ್ಗೆ ಎರಡು ಮಾತು ಹೇಳಿದರೆ ಬೇಸರಿಸಬಾರದು. ಮೂರು ಕಿಟಕಿ ಇವೆ. ಕಾಗದ ಹಾರುತ್ತದೆಂದು ಮೂರಕ್ಕೂ ಅಗುಳಿ. ಒಂದು ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಮೇಲೆ ಟೀ. ಇನ್ನೊಂದು ಮೂಲೆಯಲ್ಲಿ ಮುಚ್ಚಳ ಸಡಿಲವಾದ ಫಾರ್ಮಲಿನ್ ಡಬ್ಬ, ಅದರ ಘಾಟಿಗೆ ನನ್ನ ಕಣ್ಣಲ್ಲಿ ನೀರು. ಗುಮಾಸ್ತರೊಬ್ಬರು ಸಿಗರೇಟು ಸೇದುತ್ತ ಕಡತ ನೋಡುತ್ತಿದ್ದರು, ಇನ್ನೊಬ್ಬರು ಕಡತ ನೋಡದೆ ಸೇದುತ್ತಿದ್ದರು. ಅವರ ತಲೆಯ ಮೇಲೆ ಗೋಡೆಗೆ ತೂಗುಹಾಕಿದ್ದ ಬಣ್ಣದ ಚಿತ್ರದಲ್ಲಿ ದಪ್ಪನೆಯ ಹುಳುವೊಂದು ಸೊಪ್ಪಿನ ಮೇಲೆ ಮಲಗಿ ನಗುತ್ತಿತ್ತು, ಕೆಳಗೆ 'ಶುದ್ಧ ಗಾಳಿಯೇ ಆರೋಗ್ಯದ ಗುಟ್ಟು' ಎಂದು ಬರೆದಿತ್ತು. ಆ ಹುಳುವನ್ನು ಆ ಕೋಣೆಯಲ್ಲಿ ನಿಜವಾಗಿ ಬಿಟ್ಟಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದಕ್ಕೂ ಸಪ್ಪೆ ರೋಗ ಬರುತ್ತಿತ್ತು. ಗುಮಾಸ್ತರು ಇಬ್ಬರೂ ಕೆಮ್ಮುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮರುಕವಿದೆ. ದಿನಕ್ಕೆ ಎಂಟು ಗಂಟೆ ಅಲ್ಲಿ ಕೂರುವ ಅವರನ್ನು ಕೂಡ ಯಾರಾದರೂ ತಪಾಸಣೆ ಮಾಡಬಾರದೇ? ಹುಳುವಿಗಿರುವ ಸೌಭಾಗ್ಯ ಗುಮಾಸ್ತರಿಗೆ ಬೇಡವೇ?

ಅಂದು ತಾವು ಸಿಗಲಿಲ್ಲ. ಆಮೇಲೆ ಬರೆದ ಎರಡು ಅರ್ಜಿಗಳಿಂದಲೂ ಪ್ರಯೋಜನವಾಗದಾಗ ನಾನೊಂದು ಉಪಾಯ ಮಾಡಿದೆ. ಹುಳುಮನೆಯಲ್ಲಿ ತಾವು ತೂಗುಹಾಕಿಸಿದ ಥರ್ಮಾಮೀಟರು ಇದೆಯಲ್ಲ, ಒಂದು ಗಾಜಿಗೆ ಒದ್ದೆ ಬಟ್ಟೆ ಸುತ್ತಿರುವುದು, ಅದನ್ನು ಎರಡು ಬೆಳೆಯ ನಡುವೆ ಕೋಣೆ ಖಾಲಿ ಇದ್ದಾಗ ತೆಗೆದು ಅಡುಗೆಮನೆಯಲ್ಲಿ ತೂಗುಹಾಕಿದೆ. ಎಂಟು ದಿನ ಬಿಟ್ಟೆ. ಆ ಬಿಳಿ ಬಟ್ಟೆ ಇದ್ದಿಲ ಬಣ್ಣಕ್ಕೆ ತಿರುಗಿತು, ಗಾಜಿನ ಮೇಲೆ ಅಂಟು ಮಸಿ ಕೂತು ಅಂಕಿ ಕಾಣದಾಯಿತು. ಅದನ್ನು ಹಾಗೇ ಒಯ್ದು ಹುಳುಮನೆಯ ಮೊಳೆಗೆ ಸಿಕ್ಕಿಸಿ ತಮ್ಮ ಭೇಟಿಗೆ ಕಾದೆ. ಬಂದಿರಿ, ನೋಡಿದಿರಿ, ತಮ್ಮ ಮುಖ ಕೆಂಪಾಯಿತು. ಇದೇನು ಅನ್ಯಾಯ, ಸರ್ಕಾರಿ ಸಾಮಾನನ್ನು ಎಲ್ಲಿಟ್ಟಿದ್ದೆ ಎಂದು ಕೇಳಿದಿರಿ.

"ಅಡುಗೆಮನೇಲಿ ಎಂಟು ದಿನ ಇಟ್ಟಿದ್ದೆ ಸಾರ್" ಎಂದೆ. "ಗಂಗುಲಮ್ಮ ಇಪ್ಪತ್ತೆರಡು ವರ್ಷದಿಂದ ಅಲ್ಲೇ ಅವ್ಳೆ."

ನನ್ನ ಮಾತು ತಮಗೆ ಮುಟ್ಟಿತೆಂದೇ ನಾನು ತಿಳಿದೆ. ತಾವು ಭೇಟಿ ಪುಸ್ತಕ ತರಿಸಿಕೊಂಡು ಬರೆದಿರಿ. ತಾವು ಹೋದ ಮೇಲೆ ಆಸೆಯಿಂದ ತೆಗೆದು ನೋಡಿದೆ. "ಥರ್ಮಾಮೀಟರಿಗೆ ಮಸಿ ಹಿಡಿದಿದೆ. ಅಡುಗೆಮನೆಯ ವಾತಾವರಣ ಉಪಕರಣಕ್ಕೆ ಹಾನಿಕರ. ಇನ್ನು ಮುಂದೆ ಅಲ್ಲಿ ಇಡತಕ್ಕದ್ದಲ್ಲ." ಎಂಥ ದಯಾವಂತ ಆದೇಶ, ಮಾನ್ಯರೇ. ಇದರಲ್ಲಿ ಉಪಕರಣ ಎನ್ನುವ ಕಡೆ ಗಂಗುಲಮ್ಮ ಎಂದು ಬರೆದಿದ್ದರೆ ನಾನು ಈ ಪತ್ರಕ್ಕೆ ಶಾಯಿ ಖರ್ಚು ಮಾಡುತ್ತಿರಲಿಲ್ಲ.

ಇಲ್ಲಿಯವರೆಗೆ ಓದಿದವರು ನನ್ನನ್ನೊಂದು ಪ್ರಶ್ನೆ ಕೇಳಬಹುದು. ಅಯ್ಯಾ, ಮನೆ ನಿನ್ನದು, ಮಡಕೆ ನಿನ್ನದು, ಏಣಿಯೂ ನಿನ್ನದೇ, ಹತ್ತಿ ತೆಗೆದುಹಾಕಲು ಅಧಿಕಾರಿಯ ಅಪ್ಪಣೆ ಯಾಕೆ? ನ್ಯಾಯವಾದ ಪ್ರಶ್ನೆ. ನಾನೂ ಹಾಗೆಯೇ ಅಂದುಕೊಂಡು ಕೋನಪ್ಪನನ್ನು ಕರೆಸಿದೆ. ಅವನು ಹೆಂಚಿನ ಮೇಲೆ ಹತ್ತಿ, ಗಾಳಿ ನೋಡಿ, ನಾಲ್ಕು ಅಡಿ ಕೊಳವೆ ಏರಿಸಿ ಮೇಲೊಂದು ಟೋಪಿ ಇಟ್ಟರೆ ಹೊಗೆ ಹುಳುಮನೆಯ ಸೂರಿಗಿಂತ ಮೇಲೆ ಹೋಗುತ್ತದೆ, ಕಿಟಕಿಗೆ ಇಳಿಯುವುದಿಲ್ಲ ಎಂದ. ಅರ್ಧ ದಿನದ ಕೆಲಸ. ಕೊಳವೆಯೂ ತಂದಿಟ್ಟೆ. ತಡೆದವಳು ಗಂಗುಲಮ್ಮ. ಏಣಿಯ ಬುಡದಲ್ಲಿ ನಿಂತುಬಿಟ್ಟಳು.

"ಇಳೀರಿ ಕೋನಪ್ಪಣ್ಣ, ಅದರ ತಂಟೆಗೆ ಹೋಗಬೇಡಿ. ಒಂದ್ ಸಲ ನನ್ ಒಲೆಯಿಂದ ಬೆಳೆ ಹೋಗೈತೆ, ಸಾಕು. ಹುಳ ಹೋದ್ರೆ ಮನೆಗೆಲ್ಲ ಹೋಯ್ತದೆ. ನಾನು ಕೆಮ್ಮಿದ್ರೆ ಯಾರಿಗೇನು ಹೋಯ್ತದೆ, ಪೋನೀ, ಹೋಗ್ಲಿ ಬಿಡಿ" ಎಂದಳು.

ಅವಳು ಅದನ್ನು ಅಳುತ್ತಾ ಹೇಳಿದ್ದರೆ ನಾನು ಹೇಗಾದರೂ ಸಮಾಧಾನ ಮಾಡುತ್ತಿದ್ದೆ. ಅವಳು ತೋಟಕ್ಕೆ ನೀರು ಬಿಡಬೇಕು ಎಂದಷ್ಟೇ ಸಲೀಸಾಗಿ ಹೇಳಿದಳು. ಕಳೆದ ವರ್ಷ ತಾವು ಹೆಂಚಿನ ಕಡೆ ಬೆರಳು ತೋರಿಸಿ ಕಾರಣ ಹೇಳಿದಾಗ ಅವಳು ಬಾಗಿಲ ಹಿಂದೆ ತಮಗೆ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು, ಮಾನ್ಯರೇ. ತಾವು ನೋಡಿರಲಿಕ್ಕಿಲ್ಲ. ತಾವು ಹೋದ ಮೇಲೆ ನಾನು ಇನ್ನೊಂದು ಮಾತು ಸೇರಿಸಿದೆ. ಕರಗಿದ ಹುಳುಗಳನ್ನು ಗುಂಡಿಗೆ ಸುರಿಯುತ್ತಿದ್ದ ಹೊತ್ತು ಅದು. "ನಿನ್ನ ಒಲೆ ನಮ್ಮ ಬೆಳೇನೆಲ್ಲ ತಿಂದ್ಹಾಕ್ತಲ್ಲೇ" ಎಂದುಬಿಟ್ಟೆ. ಇದನ್ನು ಪತ್ರಿಕೆಯಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆದರೆ ತಮ್ಮ ತಪ್ಪನ್ನು ಅಚ್ಚು ಹಾಕಿಸಿ ನನ್ನದನ್ನು ಮುಚ್ಚಿಟ್ಟರೆ ಅದು ಮರ್ಯಾದೆಯಲ್ಲ.

ಈಗ ತಮಗೂ ನನಗೂ ಗೊತ್ತಿರುವ, ಅವಳಿಗೆ ಮಾತ್ರ ಗೊತ್ತಿಲ್ಲದಿದ್ದ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ರೈತರ ಸಭೆಯಲ್ಲಿ ತಾವು ಮೈಕು ಹಿಡಿದು ಹೇಳಿದಿರಿ: ತೊಂಬತ್ತರ ಮೇ ತಿಂಗಳಲ್ಲಿ ಹಂಚಿದ ಒಂದು ತಂಡದ ಮೊಟ್ಟೆಯಲ್ಲೇ ರೋಗವಿತ್ತು, ಆ ಮೊಟ್ಟೆ ತಂದ ಮನೆಗಳಲ್ಲೆಲ್ಲ ಬೆಳೆ ಹೋಯಿತು, ಮುಂದೆ ಹಾಗಾಗದಂತೆ ಎಚ್ಚರ ವಹಿಸಲಾಗಿದೆ. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕೈ ಮಾತ್ರ ಮೇಲೇಳಲಿಲ್ಲ. ನಮ್ಮದೂ ಅದೇ ತಂಡದ ಮೊಟ್ಟೆ. ಮೂರು ಮನೆ ಆಚೆ ಆವಲಪ್ಪನದೂ ಅದೇ, ಅವನ ಹುಳುಮನೆ ಊರಾಚೆ ತೋಟದಲ್ಲಿದೆ, ಅಲ್ಲಿ ಒಲೆಯೇ ಇಲ್ಲ, ಅವನ ಹುಳುವೂ ಅದೇ ವಾರ ಕರಗಿತ್ತು. ಹೊಗೆ ಹುಳುವಿಗೆ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ತಾವು ಕಲಿಸಿದ ಪಾಠ ಮರೆತಿಲ್ಲ. ಆದರೆ ಆ ಬೆಳೆ ಹೋದದ್ದು ಗಂಗುಲಮ್ಮನ ಒಲೆಯಿಂದಲ್ಲ. ಅದು ಮೊಟ್ಟೆಯಲ್ಲೇ ಹೋಗಿತ್ತು, ನಮ್ಮ ಮನೆಗೆ ಬರುವ ಮೊದಲೇ.

ಸಭೆಯಿಂದ ನೇರ ಮನೆಗೆ ಬಂದು ಅವಳಿಗೆ ಹೇಳಿದೆ. ಕೇಳಿ, ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ, ನನ್ನ ಮುಖವನ್ನೇ ನೋಡಿದಳು.

"ನನ್ ಸಮಾಧಾನಕ್ಕೆ ಹೇಳ್ತಾ ಇದೀಯ ನೀನು" ಎಂದಳು. "ಅವ್ರು ಹೇಳಿದ್ರಾ, ನಮ್ಮನೆ ಹೆಸ್ರು ಹಿಡಿದು?"

ತಾವು ನಮ್ಮ ಮನೆಯ ಹೆಸರು ಹಿಡಿದು ಹೇಳಿರಲಿಲ್ಲ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಮತ್ತೆ ಸೊಪ್ಪಿನ ಕಡೆ ತಿರುಗಿದಳು. ಡಾಕ್ಟರರ ಮಾತನ್ನು ಅವಳು ನಂಬುವುದಿಲ್ಲ, ಆತ ಅವಳನ್ನು ಬೀಡಿ ಸೇದುವವಳೆಂದುಕೊಂಡ. ನನ್ನ ಮಾತನ್ನು ನಂಬುವುದಿಲ್ಲ, ಇಪ್ಪತ್ತೆರಡು ವರ್ಷ ನೋಡಿದ್ದಾಳೆ. ನಂಬುವುದು ತಮ್ಮೊಬ್ಬರನ್ನೇ. ಹುಳುವಿನ ವಿಷಯದಲ್ಲಿ ತಾವು ಹೇಳಿದ್ದು ಅವಳಿಗೆ ಕಲ್ಲಿನಲ್ಲಿ ಕೊರೆದದ್ದು. ತಮ್ಮ ಕಸುಬಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವ ಸಮಾರಂಭದಲ್ಲೂ ಸಿಕ್ಕಲಾರದು, ಮತ್ತು ಆ ಮರ್ಯಾದೆಯೇ ಅವಳ ಎದೆಯನ್ನು ದಿನಕ್ಕೆ ಎರಡು ಹೊತ್ತು ಸುಡುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಹಣದ್ದಲ್ಲ, ಹೊಸ ಒಲೆಯದಲ್ಲ, ಯೋಜನೆಯದೂ ಅಲ್ಲ. ಮುಂದಿನ ಸೋಮವಾರ ನಮ್ಮ ಮನೆಗೆ ಬನ್ನಿ. ಈ ಸಲ ಹುಳುಮನೆಗೆ ಹೋಗಬೇಡಿ, ನೇರ ಹಿಂದಕ್ಕೆ ಬನ್ನಿ, ತಲೆ ಸ್ವಲ್ಪ ಬಗ್ಗಿಸಬೇಕಾಗುತ್ತದೆ. ಅವಳು ಅಡುಗೆ ಮಾಡುವ ಹೊತ್ತಿಗೇ ಬನ್ನಿ. ಹುಳುಮನೆಯಲ್ಲಿ ಮಾಡುವಂತೆಯೇ ಒಮ್ಮೆ ಗಾಳಿ ಎಳೆದುಕೊಳ್ಳಿ, ಎಷ್ಟು ಹೊತ್ತು ತಡೆಯುತ್ತದೋ ಅಷ್ಟು ಹೊತ್ತು. ಆಮೇಲೆ ಒಂದೇ ಒಂದು ಮಾತು ಹೇಳಿ: ಆ ಬೆಳೆ ಹೋದದ್ದು ನಿನ್ನಿಂದಲ್ಲ ತಾಯಿ. ಜೋರಾಗಿ ಹೇಳಿ, ಮೈಕಿನಲ್ಲಿ ಹೇಳಿದಷ್ಟೇ ಜೋರಾಗಿ. ಕೋನಪ್ಪ ಹೊರಗೆ ಕೊಳವೆ ಹಿಡಿದು ಕಾದಿರುತ್ತಾನೆ. ಅವಳು ತಲೆಯಾಡಿಸಿದ ಕ್ಷಣ ಹತ್ತುತ್ತಾನೆ.

ಮನುಷ್ಯರ ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತು. ಅದಕ್ಕೂ ಯೋಚಿಸಿದ್ದೇನೆ. ಭೇಟಿ ಪುಸ್ತಕದಲ್ಲಿ ತಾವು ಏನನ್ನೂ ಬರೆಯಬೇಕಾಗಿಲ್ಲ. ಅವಳಿಗೆ ಓದಲು ಬರುವುದಿಲ್ಲ, ಹದಿನಾಲ್ಕು ತಿಂಗಳಿಂದ ಅವಳು ಕಾದಿರುವುದು ತಮ್ಮ ಬಾಯಿಂದ ಕೇಳಲು.

ಇಂತಿ,
ತಾವು ಆಡಿದ ಮಾತನ್ನು ಎರಡರಷ್ಟು ಜೋರಾಗಿ ಹೆಂಡತಿಗೆ ದಾಟಿಸಿ, ಈಗ ವಾಪಸು ಪಡೆಯಲಾಗದೆ ಏಣಿಯ ಬುಡದಲ್ಲಿ ನಿಂತಿರುವ
ವೆಂಕಟರಾಯಪ್ಪ
ಅಂಬಾಜಿದುರ್ಗದ ತಪ್ಪಲು, ಚಿಂತಾಮಣಿ ತಾಲ್ಲೂಕು
ಜುಲೈ ೧೯೯೧